ಉಳಿದ ಹನ್ನೊಂದು ಸುತ್ತು

“ಒಚ್ಚಿನಾವಾ ತಲ್ಲೀ?”

ಬಂದೆಯಾ ತಾಯಿ ಎಂದು ಓಬಳಮ್ಮ ಕೇಳುತ್ತಿರುವುದು ಯಾರನ್ನೂ ಅಲ್ಲ. ಬೆಳಗಿನ ಐದು ಗಂಟೆಗೆ ಗುಂಡ್ಲಕೆರೆಯ ಟ್ಯಾಂಕ್ ಬೀದಿಯಲ್ಲಿ ಉತ್ತರ ಕೊಡುವವರು ಯಾರಿದ್ದಾರೆ? ಡೇರಿಯ ಮುಂದೆ ಸಾಲು ಹಿಡಿದ ಖಾಲಿ ಹಾಲಿನ ಕ್ಯಾನುಗಳು, ಹೋಟೆಲಿನ ಬೂದಿಗುಡ್ಡೆಯ ಬಿಸುಪಿನಲ್ಲಿ ಸುರುಳಿಯಾಗಿ ಮಲಗಿದ ನಾಯಿ, ಅಷ್ಟೇ. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟ ಆಕೆ ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ವಾಲ್ವಿನ ಗುಂಡಿಯೊಳಗೆ ಇಳಿಬಿಡುತ್ತಾರೆ. ತಿರುಗಿಸುವುದಿಲ್ಲ. ಕೀಲಿಯ ಅಡ್ಡಹಿಡಿಗೆ ಬಲಗಿವಿ ಆನಿಸಿ ಕಣ್ಣು ಮುಚ್ಚುತ್ತಾರೆ.

ಉತ್ತರ ಕಬ್ಬಿಣವೇರಿ ಬರುತ್ತದೆ. ಮೊದಮೊದಲು ಏನೂ ಇಲ್ಲ. ಆಮೇಲೆ ನಾಲ್ಕು ಮನೆಯಾಚೆ ಯಾರೋ ರಾಗಿ ಬೀಸುತ್ತಿರುವಂಥ ಸದ್ದು. ಅದು ಹತ್ತಿರವಾಗುತ್ತಾ, ದಪ್ಪವಾಗುತ್ತಾ, ಕಡೆಗೆ ಹಲ್ಲಿನ ಬುಡಕ್ಕೆ ಬಂದು ತಾಗುತ್ತದೆ. ಓಬಳಮ್ಮ ಕಣ್ಣು ಬಿಡುತ್ತಾರೆ. “ಬಂದ್ಳು” ಎಂದು ಸೆರಗು ಸಿಕ್ಕಿಸಿ ಕೀಲಿ ತಿರುಗಿಸತೊಡಗುತ್ತಾರೆ. ಒಗಟಿ, ರೆಂಡು, ಮೂಡು. ಪೂರಾ ತೆರೆಯಲು ಹದಿನಾಲ್ಕು ಸುತ್ತು.

ಜನರೊಡನೆ ಕನ್ನಡ, ನೀರಿನೊಡನೆ ತೆಲುಗು. ಪಾವಗಡದಾಚೆಯ ಗಡಿಯೂರಿನಲ್ಲಿ ಹುಟ್ಟಿ, ಮದುವೆಯಾಗಿ ಈ ಕಡೆಗೆ ಬಂದ ನಲವತ್ತೇಳು ವರ್ಷದ ಓಬಳಮ್ಮ ಮೊದಲಿನಿಂದಲೂ ಹೀಗೇ. ಯಾಕೆ ಎಂದರೆ ನಗುತ್ತಾರೆ. “ಗಂಗಮ್ಮ ಅಂದ್ರೆ ನಮ್ಮವ್ವ ಇದ್ದಂಗೆ ಸ್ವಾಮಿ. ಅವ್ವನ್ ತಾವ ಅವ್ವನ್ ಮಾತೇ ಆಡ್ಬೇಕು. ನಿಮ್ ಕನ್ನಡ ಏನಿದ್ರೂ ಗಂಡನ್ ಮನೇದು.”

ಮಧುಗಿರಿಯಿಂದ ಬಡವನಹಳ್ಳಿ ದಾಟಿ ಸಿರಾ ಕಡೆಗೆ ಹೊರಟರೆ, ಬಸ್ಸು ಉಸಿರು ಎಳೆದುಕೊಳ್ಳಲೆಂದು ನಿಲ್ಲುವಂಥ ಸಣ್ಣ ಪಟ್ಟಣ ಗುಂಡ್ಲಕೆರೆ. ಎರಡು ಸಾವಿರದ ನೂರು ನಲ್ಲಿ, ಅರವತ್ತೊಂದು ವಾಲ್ವು, ಐದು ದಿನಕ್ಕೊಮ್ಮೆ ಒಂದೊಂದು ಬೀದಿಗೆ ನೀರಿನ ಸರದಿ. ಇಲ್ಲಿನ ಪಟ್ಟಣ ಪಂಚಾಯಿತಿಯ ಮೂವರು ನೀರುಗಂಟಿಗಳಲ್ಲಿ ಓಬಳಮ್ಮ ಒಬ್ಬರು, ಹೆಂಗಸು ಅವರೊಬ್ಬರೇ. ದಿನಕ್ಕೆ ಒಂಬತ್ತು ಕಿಲೋಮೀಟರು ನಡಿಗೆ, ಹೆಗಲ ಮೇಲೆ ಕೀಲಿ. ಯಾವ ಬೀದಿಯ ಪೈಪು ಯಾವ ಮನೆಯ ಮುಂದೆ ಬಾಗುತ್ತದೆ, ಎಲ್ಲಿ ಹಳೆಯ ಜೋಡಣೆ ಸಣ್ಣಗೆ ಅಳುತ್ತದೆ ಎಂಬುದೆಲ್ಲ ಕಾಗದದಲ್ಲಿ ಇಲ್ಲ. ಅವರ ಕಿವಿಯಲ್ಲಿದೆ.

ಕೆಲಸ ಮೊದಲು ಗಂಡ ಜಯರಾಮಯ್ಯನವರದು. ಭುಜ ಹಿಡಿದುಕೊಂಡು ಕೈ ಮೇಲೇಳದಂತಾದಾಗ ಹೆಂಡತಿ ಜೊತೆಗೆ ಹೋಗತೊಡಗಿದರು. ಎರಡು ವರ್ಷ ಆಫೀಸಿಗೆ ಗೊತ್ತೇ ಆಗಲಿಲ್ಲ. ಜಯರಾಮಯ್ಯ ನೆಂಟರ ಮದುವೆಗೆಂದು ಮಿಡಿಗೇಶಿಗೆ ಹೋಗಿ ನಾಲ್ಕು ದಿನ ಬರಲಿಲ್ಲ. ಊರಿಗೆ ಮಾತ್ರ ಗಡಿಯಾರ ಇಟ್ಟಂತೆ ನೀರು ಬಂತು. “ಆವಾಗ್ ಸಿಕ್ಕಾಕ್ಕೊಂಡ್ವಿ” ಎಂದು ಈಗ ಬಸ್‌ಸ್ಟ್ಯಾಂಡಿನಲ್ಲಿ ಹೂವು ಕಟ್ಟಿ ಮಾರುವ ಜಯರಾಮಯ್ಯ ಹೇಳುತ್ತಾರೆ. “ಕೀಲಿ ಹೊತ್ಕಂಡು ತಿರುಗ್ತಿದ್ದೋನು ನಾನು, ತಿರುಗುಸ್ತಿದ್ದೋಳು ಇವ್ಳು. ಸಾಹೇಬ್ರು ಹೆಸರು ಬದಲಾಯ್ಸಿದ್ರು. ನನ್ ಅಂಗಿ ಮಾತ್ರ ಬದಲಾಯ್ಸಲಿಲ್ಲ, ಅದ್ನೂ ಇವ್ಳೇ ಇಟ್ಕೊಂಡ್ಬುಟ್ಳು.”

ಜಯರಾಮಯ್ಯನವರಿಗೆ ಇನ್ನೊಂದು ಹೆಸರೂ ಇದೆ, ‘ಓದೋ ಜಯರಾಮಣ್ಣ’. ಶ್ರಾವಣ ಬಂದರೆ ಆಂಜನೇಯನ ಗುಡಿಯಲ್ಲಿ ಕಾವ್ಯ ಓದುವುದು ಅವರು. ಪದ್ಯವನ್ನು ರಾಗವಾಗಿ ಹಾಡುವುದು, ನಿಲ್ಲಿಸುವುದು, ಭಾವಾರ್ಥ ಹೇಳುವುದು. ಓಬಳಮ್ಮ ಕಂಬಕ್ಕೆ ಒರಗಿ ಕೇಳುವುದು. ಈ ಓದು ಮುಂದೆ ಪಟ್ಟಣ ಪಂಚಾಯಿತಿಯ ಒಳಗಿನವರೆಗೂ ಹೋಗುತ್ತದೆಂದು ಇಬ್ಬರೂ ನೆನೆಸಿರಲಿಲ್ಲ.

ಊರು ಬೆಳೆಯುತ್ತಿದೆ, ಬೆಳೆಯುವುದೆಲ್ಲ ರಸ್ತೆಯ ಕಡೆಗೇ. ಮನೆಯ ನಕ್ಷೆಯಲ್ಲಿ ಮೂರಡಿ ಬಿಟ್ಟಿರುತ್ತಾರೆ. ಕಟ್ಟುವಾಗ ಆ ಮೂರಡಿಯನ್ನೂ ನುಂಗಿ, ಮೇಲೆ ಎರಡಡಿ ರಸ್ತೆಗೆ ಇಳಿದು ಮೆಟ್ಟಿಲು. ಮೆಟ್ಟಿಲ ಮುಂದೆ ಸ್ಕೂಟರ್ ಹತ್ತಿಸಲು ಇಳಿಜಾರು. ಹೀಗೆ ಮಣ್ಣಾದ ವಾಲ್ವುಗಳು ಏಳು. “ನಕ್ಷೆ ತೋರ್ಸೋದು ಆಫೀಸ್ನೋರಿಗೆ, ಮೆಟ್ಲು ಕಟ್ಟೋದು ನನ್ ತಲೆ ಮ್ಯಾಲೆ” ಎನ್ನುತ್ತಾರೆ ಓಬಳಮ್ಮ.

ಏಳರಲ್ಲಿ ಆರು ಹೋದಾಗ ಅವರು ಗೊಣಗಿ ಸುಮ್ಮನಾಗಿದ್ದರು. ಬೇರೆ ವಾಲ್ವಿನಿಂದ ಹೇಗೋ ಸುತ್ತಿ ನೀರು ಕೊಡಬಹುದಿತ್ತು. ಏಳನೆಯದು ಹಾಗಲ್ಲ. ಅದು ಮೇಲ್ಬೀದಿಯ ಬಾಯಲ್ಲಿದ್ದ ವಾಲ್ವು. ಗುಡ್ಡದ ಕಡೆಗೆ ಏರುವ ಆ ಬೀದಿಯಲ್ಲಿ ಮೂವತ್ತೆಂಟು ಮನೆ, ನೀರು ಹತ್ತಲು ಅದೊಂದೇ ದಾರಿ.

ಎರಡು ವರ್ಷದ ಹಿಂದಿನ ಕಾರ್ತಿಕ. ಓಬಳಮ್ಮನಿಗೆ ಸಿದ್ದರಬೆಟ್ಟಕ್ಕೆ ಒಂದು ಹರಕೆ ಇತ್ತು. ಹೊರಡುವ ಮುಂಚೆ ಮೇಲ್ಬೀದಿಯ ಪೈಪು ಒಂದು ಕಡೆ ಒಸರುತ್ತಿರುವುದು ಕಂಡು ಅಂಟು ಮೆತ್ತಿ, ಅದು ಒಣಗಲಿ ಎಂದು ವಾಲ್ವನ್ನು ಹನ್ನೊಂದು ಸುತ್ತು ಮುಚ್ಚಿ, ಕುಡಿಯಲು ಇರಲಿ ಎಂದು ಮೂರು ಸುತ್ತು ಮಾತ್ರ ತೆರೆದಿಟ್ಟರು. ಆರು ವರ್ಷದಲ್ಲಿ ಅವರು ಹಾಕಿದ ಮೊದಲ ರಜೆ ಅದು, ಎರಡು ದಿನ. ಬೆಟ್ಟ ಹತ್ತಿ, ಗುಹೆಯೊಳಗೆ ಕೈಮುಗಿದು, ಸೋಮವಾರ ಬೆಳಿಗ್ಗೆ ಕೀಲಿ ಹಿಡಿದು ಮೇಲ್ಬೀದಿಗೆ ಬಂದರೆ ವಾಲ್ವಿದ್ದ ಜಾಗದಲ್ಲಿ ನಾಲ್ಕು ಮೆಟ್ಟಿಲು. ಗಾರೆ ಇನ್ನೂ ಹಸಿ. ಮೇಲೆ ಒದ್ದೆ ಗೋಣಿಚೀಲ.

ಮೆಟ್ಟಿಲು ಬಟ್ಟೆ ಅಂಗಡಿ ರಂಗನಾಥ ಅವರದು. ಮೂಲೆಯಲ್ಲಿ ಹೊಸ ಕಟ್ಟಡ ಎಬ್ಬಿಸಿದ್ದರು. ಕೆಟ್ಟವರೇನಲ್ಲ, ಅವತ್ತೇ ಓಬಳಮ್ಮನನ್ನು ಕೂರಿಸಿ ಟೀ ತರಿಸಿದರು. “ಅಕ್ಕಾ, ಮೆಟ್ಲು ಬೇರೆ, ರಸ್ತೆ ಬೇರೆ. ನನ್ ಮೆಟ್ಲು ರಸ್ತೆ ಮೇಲೆ ಸುಮ್ನೆ ಕೂತೈತೆ ಅಷ್ಟೇಯಾ.”

“ಕೂತಿರೋದು ನನ್ ವಾಲ್ ಮ್ಯಾಲೆ ಕಣಪ್ಪಾ” ಎಂದು ಓಬಳಮ್ಮ ಟೀ ಕುಡಿಯದೆ ಎದ್ದರು.

ಅಂದಿನಿಂದ ಮೇಲ್ಬೀದಿಗೆ ಮೂರೇ ಸುತ್ತಿನ ನೀರು. ಕೆಳಗಿನ ಮನೆಗಳಲ್ಲಿ ಒಂದು ಕೊಡ ತುಂಬಲು ಇಪ್ಪತ್ತೈದು ನಿಮಿಷ. ತುದಿಯ ಹತ್ತು ಮನೆಗಳಿಗೆ ನಲ್ಲಿಯಲ್ಲಿ ಗಾಳಿ ಮಾತ್ರ. ಬೀದಿಯ ತುದಿಮನೆಯ ಇಂದ್ರಮ್ಮ, ಅರವತ್ತು ದಾಟಿದವರು, ದಿನಕ್ಕೆ ಎಂಟು ಸಲ, ದಿನವೂ ನೀರು ಬಿಡುವ ಪೇಟೆಬೀದಿಯ ಸಾರ್ವಜನಿಕ ನಲ್ಲಿಯವರೆಗೆ ಇಳಿದು ಕೊಡ ಹೊತ್ತು ಹತ್ತತೊಡಗಿದರು. ಎದುರು ಸಿಕ್ಕಾಗಲೆಲ್ಲ ಓಬಳಮ್ಮನಿಗೆ ಒಂದು ಮಾತು ತಪ್ಪದು: “ಏನವ್ವಾ, ಸಿದ್ದಪ್ಪನ್ ತಾವ ನೀನ್ ಹೋಗ್ಬಂದೆ, ನೀರಿಲ್ದಂಗ್ ಆಗಿದ್ದು ನಮ್ಗೆ.”

ಆ ಮಾತು ಚುಚ್ಚಿತು. “ಮೆಟ್ಲು ಕಟ್ಟಿದ್ದು ಅವ್ನೇ ಇರ್ಬೌದು. ಮುಚ್ಚಿದ್ದು ನನ್ ಕೈಯಿ. ಉಳಿದಿದ್ ಹನ್ನೊಂದ್ ಸುತ್ತು ನಾನೇ ತಿರುಗುಸ್ಬೇಕಿತ್ತು. ಅದು ತಿರುಗೋಗಂಟ ನಂಗೆ ಬಾಯಿಗಿಟ್ಟ ನೀರು ಗಂಟಲಿಗಿಳೀತಿರ್ಲಿಲ್ಲ.”

ನಾಲ್ಕನೇ ತರಗತಿ ಓದಿದ ಓಬಳಮ್ಮ ತಮ್ಮದೇ ಆಫೀಸಿಗೆ ಅರ್ಜಿ ಬರೆಯತೊಡಗಿದ್ದು ಹೀಗೆ. ಒಂದೊಂದು ಅಕ್ಷರ ಒಂದೊಂದು ಹುಣಸೆಬೀಜದಷ್ಟು ದಪ್ಪ. ಸೋಮವಾರ ಬೆಳಗಿನ ಸರದಿ ಮುಗಿಸಿ, ಕೀಲಿಯನ್ನು ಬಾಗಿಲಾಚೆ ಒರಗಿಸಿ, ಸಾರ್ವಜನಿಕರ ಸಾಲಿನಲ್ಲಿ ನಿಂತು, ಟಪಾಲು ವಿಭಾಗದ ಚೈತ್ರ ಅವರಿಂದ ದುಂಡು ಸೀಲು ಹಾಕಿಸಿಕೊಳ್ಳುವುದು. “ನಿಮ್ಮ ಅರ್ಜಿ ಬರ್ಲಿಲ್ಲ ಅಂದ್ರೆ ನಂಗೆ ಅವತ್ತು ಸೋಮವಾರ ಅಂತ್ಲೇ ಅನ್ಸಲ್ಲ” ಎನ್ನುತ್ತಿದ್ದರು ಚೈತ್ರ. ಇಂಜಿನಿಯರ್ ನವೀನ್ ಕುಮಾರ್ ಒಮ್ಮೆ ಬಾಗಿಲಲ್ಲೇ ತಡೆದು ಕೇಳಿದರು, “ಏನಮ್ಮಾ ಓಬಳಮ್ಮ, ನಮ್ಮೋಳೇ ಆಗಿ ನಮ್ಮೇಲೇ ಅರ್ಜಿ ಕೊಡ್ತೀಯಲ್ಲ?”

“ನಮ್ಮೋರ್ ಮ್ಯಾಲಲ್ದೆ ಇನ್ಯಾರ್ ಮ್ಯಾಲೆ ಕೊಡ್ಲಿ ಸಾರ್? ಸಿರಾದೋರ್ ಕೇಳ್ತಾರಾ?”

ಹದಿನಾಲ್ಕು ತಿಂಗಳಲ್ಲಿ ಹದಿಮೂರು ಅರ್ಜಿ. ಅದರಲ್ಲಿ ಆರಕ್ಕೆ ಹಿಂಬರಹ ಬಂತು, ಅಂದರೆ ಅರ್ಜಿದಾರರಿಗೆ ಆಫೀಸು ಕೊಡುವ ಲಿಖಿತ ಉತ್ತರ. ಮೊದಲನೆಯದು ಬಂದ ಸಂಜೆ ಓಬಳಮ್ಮ ಅದನ್ನು ಗಂಡನ ಕೈಗೆ ಕೊಟ್ಟರು. ಜಗಲಿಯ ಮೇಲೆ ಹೂವಿನ ಬುಟ್ಟಿ ಪಕ್ಕಕ್ಕಿಟ್ಟು ಕುಳಿತ ಜಯರಾಮಯ್ಯ ಕನ್ನಡಕ ಏರಿಸಿದರು. ಗಂಟಲು ಸರಿಮಾಡಿಕೊಂಡರು. ರೂಢಿ ನೋಡಿ, ಕೈಗೆ ಕಾಗದ ಬಂದರೆ ಅವರಿಗೆ ಸುಮ್ಮನೆ ಓದಲು ಬಾರದು. ರಾಗ ತೆಗೆದರು.

“ಸದರೀ ಸ್ಥಳವಂ ಪರಿಶೀಲಿಸಲಾಗೀ… ಯಾವುದೇ ವಾಲ್ವೂ ಕಂಡುಬಂದಿರುವುದಿಲ್ಲಾ…”

ನಿಲ್ಲಿಸಿ ಭಾವಾರ್ಥ ಹೇಳಿದರು. “ಅಂದ್ರೆ ಏನಪ್ಪಾ ಅಂದ್ರೆ, ನಿನ್ ವಾಲು ಮೆಟ್ಲ ಕೆಳಗೈತೆ ಅಂತ ನೀನ್ ಬರ್ದೆ. ಅವ್ರು ಬಂದು ನೋಡುದ್ರು. ಮೆಟ್ಲು ಕಾಣ್ತು, ವಾಲು ಕಾಣ್ಲಿಲ್ಲ. ವಾಲೇ ಇಲ್ದಿರುವಾಗ ಅದ್ರ ಮ್ಯಾಲೆ ಮೆಟ್ಲು ಕಟ್ಟೋದಾದ್ರೂ ಹೆಂಗೆ? ಎಂಥಾ ತರ್ಕ ನೋಡೇ!”

ಎದುರು ಮನೆಯವರು ನಕ್ಕು ಹೊರಗೆ ಬಂದರು. ಎರಡನೆಯ ಹಿಂಬರಹಕ್ಕೆ ಹತ್ತು ಜನ. ‘ಮೆಟ್ಟಿಲುಗಳು ಕಟ್ಟಡದ ಭಾಗವಾಗಿದ್ದು, ಕಟ್ಟಡಕ್ಕೆ ಪರವಾನಗಿ ಇರುತ್ತದೆ’ ಎಂಬುದನ್ನು ಜಯರಾಮಯ್ಯ ಮೋಹನ ರಾಗದಲ್ಲಿ ಹಾಡಿದರಂತೆ. ‘ಸದರಿ ವಿಷಯವು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಮೂರನೆಯದು ಬಂದಾಗ ಮೇಲ್ಬೀದಿಯ ಹೆಂಗಸರು ಕೊಡ ಸಮೇತ ಬಂದು ಜಗಲಿ ಹಿಡಿದಿದ್ದರು. ಓಬಳಮ್ಮನ ಮನೆ ಪೇಟೆಬೀದಿಯ ನಲ್ಲಿಗೆ ಹತ್ತಿರ. ನೀರಿಗೆ ಬಂದವರಿಗೆ ಹಿಂಬರಹವೂ ಸಿಗುತ್ತಿತ್ತು. ಕೇಳಿ ಕೇಳಿ ಇಂದ್ರಮ್ಮನಂಥವರಿಗೆ, ಓದು ಬರಹ ಕಲಿಯದವರಿಗೆ, ಆಫೀಸಿನ ಭಾಷೆ ಸೋಬಾನೆಯಷ್ಟು ಬಾಯಿಪಾಠವಾಯಿತು. “ಸದರೀ ಸೊಸೆಯು ಈ ಮನೆಯ ವ್ಯಾಪ್ತಿಗೆ ಬರುವುದಿಲ್ಲಾ” ಎಂದು ಇಂದ್ರಮ್ಮ ರಾಗವಾಗಿ ಅಂದು, ಸೊಸೆಯೂ ಸೇರಿದಂತೆ ಎಲ್ಲರನ್ನೂ ನಗಿಸಿದ್ದುಂಟು.

ನಗುವಿನ ನಡುವೆಯೂ ಓಬಳಮ್ಮನಿಗೆ ಒಂದು ಭಯವಿತ್ತು. ರಂಗನಾಥ ಅವರ ಮೆಟ್ಟಿಲಿನಿಂದ ಮೂವತ್ತು ಹೆಜ್ಜೆಯಾಚೆ, ಆ ನಲ್ಲಿಯ ಪಕ್ಕದಲ್ಲೇ, ಪೇಟೆಬೀದಿಯ ವಾಲ್ವಿದೆ. ಅದರ ಮೇಲೂ ಯಾರೋ ಎರಡು ಸಲ ಜಲ್ಲಿ ಸುರಿದಿದ್ದರು. ಇದೂ ಹೋದರೆ ಮೇಲ್ಬೀದಿಯವರಿಗೆ ಕೊಡ ಇಡಲೂ ಜಾಗವಿಲ್ಲ. ಒಂದು ಬೆಳಿಗ್ಗೆ, ಒಡೆದ ಗಡಿಕಲ್ಲೊಂದನ್ನು ಹೊತ್ತು ತಂದು ಗುಂಡಿಯ ಅಂಚಿಗೆ ನೆಟ್ಟರು. ದೂರಕ್ಕೆ ಕಾಣಲಿ ಎಂದು ಮನೆಯಲ್ಲಿ ಹಬ್ಬಕ್ಕೆ ಉಳಿದಿದ್ದ ಸುಣ್ಣ, ಕೆಮ್ಮಣ್ಣು ಕಲಸಿ ಬಳಿದರು. ಒಂದು ಪಟ್ಟೆ ಬಿಳಿ, ಒಂದು ಪಟ್ಟೆ ಕೆಂಪು.

ತಪ್ಪಾಗಿದ್ದು ಅಲ್ಲೇ. ಬಿಳಿ ಕೆಂಪು ಪಟ್ಟೆಯ ಕಲ್ಲು ಬೆಳಗಾಗುವಷ್ಟರಲ್ಲಿ ನೀರಿನ ಪಕ್ಕ ಎದ್ದು ನಿಂತರೆ ಈ ಸೀಮೆಯಲ್ಲಿ ಅದನ್ನು ವಾಲ್ವಿನ ಗುರುತು ಎಂದು ಯಾರು ಅಂದುಕೊಳ್ಳುತ್ತಾರೆ? ಅವತ್ತು ಮಂಗಳವಾರ ಬೇರೆ. ಮೊದಲ ಕೊಡಕ್ಕೆ ಬಂದ ಇಂದ್ರಮ್ಮ ಕಲ್ಲು ಕಂಡರು, ನಿಂತರು, ಕೊಡ ಇಳಿಸಿ ಮನೆಯವರೆಗೂ ಹತ್ತಿ ಹೋಗಿ ಅರಿಶಿನ ಕುಂಕುಮ ತಂದರು. ಶುಕ್ರವಾರಕ್ಕೆ ಎರಡು ತೆಂಗಿನಕಾಯಿ. ತಿಂಗಳು ತುಂಬುವಷ್ಟರಲ್ಲಿ ಒಂದು ದೀಪದ ಗೂಡು. ಯುಗಾದಿಗೆ ತಗಡಿನ ಚಪ್ಪರ, ನಾಲ್ಕು ಬಾಳೆಕಂದು, ‘ಶ್ರೀ ವಾಲು ಗಂಗಮ್ಮ’ ಎಂಬ ಹಲಗೆ.

ಜಲ್ಲಿ ಬಿಡಿ, ಆ ಜಾಗದಲ್ಲಿ ಯಾರೂ ಸೈಕಲ್ಲನ್ನೂ ನಿಲ್ಲಿಸಲಿಲ್ಲ. ಹದಿಮೂರು ಅರ್ಜಿ ಮಾಡದ್ದನ್ನು ಒಂದು ಚಿಟಿಕೆ ಕುಂಕುಮ ಮಾಡಿತ್ತು. ಓಬಳಮ್ಮ ಸುಮ್ಮನಿದ್ದರು. ಬೆಳಿಗ್ಗೆ ಹೂವು ಸರಿಸಿ, ಕೈಮುಗಿದು, ಕೀಲಿ ಇಳಿಸಿ, ಕೆಲಸ ಮುಗಿಸಿ ಹೋಗುವರು. ಆ ಮೌನದ ಬಗ್ಗೆ ಕೇಳಿದರೆ ಅವರು ನೆಲ ನೋಡುತ್ತಾರೆ. “ನಾನು ದೇವ್ರು ಅನ್ಲಿಲ್ಲ. ಅಲ್ಲ ಅಂತ್ಲೂ ಅನ್ಲಿಲ್ಲ. ಅನುಕೂಲ ಆಯ್ತಲ್ಲ ಅಂತ ಬಾಯ್ಮುಚ್ಕೊಂಡಿದ್ದೆ. ಅದೊಂದು ನಂದೇ ತಪ್ಪು ಸ್ವಾಮಿ.”

ಈ ವರ್ಷ ಸಂಕ್ರಾಂತಿಯ ಮಾರನೆಯ ದಿನ ರಂಗನಾಥ ಪಟ್ಟಣ ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟರು. ಸಾರ್ವಜನಿಕ ರಸ್ತೆಯಲ್ಲಿ ಅನಧಿಕೃತ ದೇವಸ್ಥಾನ ಎದ್ದಿದೆ, ಮಂಗಳವಾರ ಶುಕ್ರವಾರ ಗಿರಾಕಿಗಳ ಗಾಡಿ ತಿರುಗುವುದಿಲ್ಲ, ತಗಡಿನ ಚಪ್ಪರ ಅಂಗಡಿಯ ಬೋರ್ಡಿಗೆ ಅಡ್ಡವಾಗಿದೆ, ಇದನ್ನು ನೆಟ್ಟಿದ್ದು ಆಫೀಸಿನದೇ ನೀರುಗಂಟಿ. ಬರೆದದ್ದೆಲ್ಲ ನಿಜ. ಹದಿಮೂರು ಅರ್ಜಿಗೆ ಅಲ್ಲಾಡದ ಆಫೀಸು ಆ ಒಂದಕ್ಕೆ ನಾಲ್ಕೇ ದಿನದಲ್ಲಿ ಎದ್ದಿತು. ಓಬಳಮ್ಮನ ಹೆಸರಿಗೆ ನೋಟಿಸು. ನಾಳೆ ಬೆಳಿಗ್ಗೆ ಅಳತೆ. ಅಳತೆಯಾದ ಏಳು ದಿನದೊಳಗೆ ತೆರವು.

ಆ ಸಂಜೆ ಜಗಲಿ ತುಂಬಿ ಬೀದಿಗೆ ಜನ. ಜಯರಾಮಯ್ಯ ನೋಟಿಸನ್ನು ಮೂರು ಸಲ ಹಾಡಬೇಕಾಯಿತು. ಹೆಂಗಸರು ಹಿಂದಿನಿಂದ ಪಲ್ಲವಿ ಹಿಡಿದರು. ನಗು ಬರಲಿಲ್ಲ. ಗುಡಿಯನ್ನು ಮುಟ್ಟಗೊಡುವುದಿಲ್ಲ ಎಂದು ಇಂದ್ರಮ್ಮ ಸೆರಗು ಬಿಗಿದರು. ಓಬಳಮ್ಮ ಮಾತ್ರ ಕಂಬಕ್ಕೆ ಒರಗಿ ಕೇಳುತ್ತಾ ಇದ್ದರು, ಶ್ರಾವಣದಲ್ಲಿ ಕೇಳುವ ಹಾಗೆ.

ಬೆಳಿಗ್ಗೆ ಹತ್ತಕ್ಕೆ ನವೀನ್ ಕುಮಾರ್ ಟೇಪು ಹಿಡಿದು ಬಂದರು. ಜೊತೆಗೆ ಕಡತ ಹಿಡಿದು ಚೈತ್ರ. ಮೇಲ್ಬೀದಿಯ ಇಪ್ಪತ್ತು ಹೆಂಗಸರು ಕಲ್ಲಿನ ಸುತ್ತ ಕೋಟೆಯಂತೆ ನಿಂತಿದ್ದರು. ಎದುರಿನ ಮೆಟ್ಟಿಲ ಮೇಲೆ ರಂಗನಾಥ.

“ಮುಟ್ಟುದ್ರೆ ಕೈ ಸೇದೋಗ್ತದೆ, ನೋಡಪ್ಪಾ ಸಾಹೇಬ” ಎಂದರು ಇಂದ್ರಮ್ಮ.

ಟೇಪು ಗಾಳಿಯಲ್ಲೇ ನಿಂತಿತು. ಇಂಜಿನಿಯರಿಗೂ ಮನೆ ಮಕ್ಕಳು ಉಂಟಲ್ಲ.

ಆಗ ಓಬಳಮ್ಮ ಮುಂದೆ ಬಂದರು. “ಸರ್ಕೊಳ್ಳಕ್ಕಾ ಸ್ವಲ್ಪ” ಎಂದು ಇಂದ್ರಮ್ಮನನ್ನು ಸರಿಸಿ, ಟೇಪಿನ ತುದಿಯನ್ನು ತಾವೇ ಕಲ್ಲಿಗೆ ಹಿಡಿದರು. ಎರಡಡಿಗೆ ಮೂರಡಿ. ಚೈತ್ರ ಬರೆದುಕೊಂಡರು. ಏಳು ದಿನ ಕಾಯಲಿಲ್ಲ. ತಗಡು ಬಿಚ್ಚಿದರು, ಹಾರೆಯಿಂದ ಮಣ್ಣು ಸಡಿಲಿಸಿದರು, ಕಲ್ಲನ್ನು ಎರಡು ಕೈಯಲ್ಲಿ ಎತ್ತಿ, ಇಂದ್ರಮ್ಮನ ಕೊಡದಿಂದಲೇ ನೀರು ಹಾಕಿ ತೊಳೆದು, ಹೆಗಲ ಟವೆಲಿನಲ್ಲಿ ಸುತ್ತಿದರು. “ತಪ್ಪಾಯ್ತು ಕಣವ್ವಾ. ನಿನ್ನ ನಿಲ್ಸಿದ್ದು ನಾನು, ದೇವ್ರು ಮಾಡಿದ್ದು ಇವ್ರು. ಇಬ್ರೂ ಸೇರಿ ನಡುಬೀದಿನಾಗೆ ನಿಲ್ಸ್ಬುಟ್ವಿ.” ಹೆಂಗಸರಲ್ಲಿ ಯಾರೋ ಬಿಕ್ಕಿದರು.

ನವೀನ್ ಕುಮಾರ್ ಉಸಿರು ಬಿಟ್ಟು ಟೇಪು ಸುತ್ತಲು ಹೊರಟರು.

“ಸುತ್ಬ್ಯಾಡಿ ಸಾರ್” ಎಂದರು ಓಬಳಮ್ಮ. “ಇನ್ನೊಂದೈತೆ.”

ಮುಂದಿನದು ಯಾರೂ ಹೇಳಿಕೊಟ್ಟದ್ದಲ್ಲ. ಇಂದ್ರಮ್ಮ ಕಣ್ಣೊರೆಸಿಕೊಂಡು ಟೇಪಿನ ತುದಿ ಹಿಡಿದು ಮೂವತ್ತು ಹೆಜ್ಜೆ ನಡೆದೇಬಿಟ್ಟರು. ಇನ್ನೊಂದು ತುದಿಯಲ್ಲಿದ್ದ ಇಂಜಿನಿಯರು ಹಿಂದೆ ಹೋಗಲೇಬೇಕಾಯಿತು. ಮೆಟ್ಟಿಲ ಬುಡದಲ್ಲಿ ನಿಂತು ಇಂದ್ರಮ್ಮ ರಾಗ ಎತ್ತಿದರು. ಉಳಿದವರು ದನಿಗೂಡಿಸಿದರು.

“ಪಟ್ಟಣ ಪಂಚಾಯಿತೀ ವ್ಯಾಪ್ತಿಯಾ… ಸಾರ್ವಜನಿಕ ರಸ್ತೆಯಲೀ… ಪರವಾನಗಿ ಇಲ್ಲದೇ ನಿರ್ಮಿಸಿರುವಾ…”

ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಿಂದಿನ ದಿನ ನವೀನ್ ಕುಮಾರ್ ಅವರೇ ಸಹಿ ಹಾಕಿದ ನೋಟಿಸಿನ ಸಾಲುಗಳು. ಬಸ್ಸಿಗೆ ನಿಂತವರು ಬಂದರು, ಹೋಟೆಲಿನವರು ಬಂದರು. ಚೈತ್ರ ಕಡತ ಬಿಚ್ಚಿ, ಹದಿಮೂರು ಅರ್ಜಿಗಳನ್ನೂ ಒಂದರ ಹಿಂದೊಂದು ಪೋಣಿಸಿದ್ದನ್ನು ತೋರಿಸಿದರು. ಇಂಜಿನಿಯರಿಗೆ ಅದೇಕೋ ನಗು ತಡೆಯಲಾಗಲಿಲ್ಲ. ನಗುತ್ತಲೇ ಬಾಗಿ ಅಳೆದರು. ರಸ್ತೆಯೊಳಗೆ ನಾಲ್ಕಡಿ ಏಳಿಂಚು.

“ಸಾರ್, ಕಲ್ಲು ಬೇರೆ, ಮೆಟ್ಲು ಬೇರೆ…” ರಂಗನಾಥ ಶುರುಮಾಡಿದರು.

“ಲೋ ರಂಗನಾಥ” ಎಂದರು ಇಂದ್ರಮ್ಮ, ಅವರನ್ನು ಚಡ್ಡಿ ತೊಟ್ಟ ಕಾಲದಿಂದ ಬಲ್ಲವರು. “ದೇವ್ರೇ ಎದ್ದೋದ್ಳು ಕಣ್ಲಾ. ನಿನ್ ಮೆಟ್ಲು ಏಳಲ್ವಾ?”

ಆರನೇ ದಿನ ರಂಗನಾಥ ಅವರೇ ಮೇಸ್ತ್ರಿ ಕರೆಸಿ ಮೆಟ್ಟಿಲು ಒಡೆಸಿದರು. ಈಗ ಅಂಗಡಿಗೆ ಮರದ ಮೆಟ್ಟಿಲು. ಬೆಳಿಗ್ಗೆ ಹೊರಗೆ, ಸಂಜೆ ಒಳಗೆ. ಕಾಂಕ್ರೀಟಿನಡಿ ಸಿಕ್ಕಿದ ವಾಲ್ವಿನ ಗುಂಡಿಯೊಳಗೆ ಗಾರೆ ಗಟ್ಟಿಕಟ್ಟಿತ್ತು. ಓಬಳಮ್ಮ ನೆಲಕ್ಕೆ ಮಲಗಿ, ಉಳಿಯಿಂದ, ಆಮೇಲೆ ಸಾರಿನ ಸೌಟಿನಿಂದ ಒಂದೂವರೆ ಗಂಟೆ ಕೆರೆದರು. ಕೀಲಿ ಕೂತಿತು. ಕಿವಿ ಆನಿಸಿದರು. ಬೀದಿ ಬೀದಿಯೇ ಉಸಿರು ಹಿಡಿಯಿತು.

“ಒಚ್ಚಿನಾವಾ ತಲ್ಲೀ?”

ನಾಲುಗು ಎಂದು ಎಣಿಕೆ ಶುರುವಾಯಿತು. ಮೂರಕ್ಕೆ ನಿಂತಿತ್ತಲ್ಲ, ಅಲ್ಲಿಂದಲೇ. ಅಯಿದು, ಆರು. ಹೆಂಗಸರೂ ಎಣಿಸತೊಡಗಿದರು, ಅವರು ಕನ್ನಡದಲ್ಲಿ. ಹದಿನಾಲ್ಕಕ್ಕೆ ಕೀಲಿ ಕಟ್ ಎಂದು ನಿಂತಿತು. ಮೇಲ್ಬೀದಿಯ ತುದಿಯಲ್ಲಿ ಇಂದ್ರಮ್ಮನ ನಲ್ಲಿ ಮೊದಲು ಕೆಮ್ಮಿತು, ಗಾಳಿ ಉಗುಳಿತು, ತುಕ್ಕು ಉಗುಳಿತು, ಆಮೇಲೆ ಬಿಳಿಯಾಗಿ ಸುರಿಯಿತು. ಕೊಡ ಇಡುವುದನ್ನೇ ಮರೆತು ಇಂದ್ರಮ್ಮ ಅದರ ಕೆಳಗೆ ಕುಳಿತುಬಿಟ್ಟರಂತೆ, ಸೀರೆ ಸಮೇತ. “ಒಂದ್ ವರ್ಸದ್ ಸ್ನಾನ ಒಂದೇ ದಿನ ಮಾಡ್ದೆ ಕಣಮ್ಮಾ” ಎಂದು ಈಗಲೂ ಹೇಳುತ್ತಾರೆ. ಅವತ್ತು ಪಾತ್ರೆ, ಬಕೆಟ್ಟು, ತೊಟ್ಟಿಲ ಮಗುವಿನ ಲೋಟದವರೆಗೆ ಮೇಲ್ಬೀದಿಯಲ್ಲಿ ತುಂಬದೆ ಉಳಿದದ್ದಿಲ್ಲ.

ಕಲ್ಲು ಎಲ್ಲಿದೆ? ಓಬಳಮ್ಮನ ಹಿತ್ತಲಲ್ಲಿ, ತುಳಸಿಯ ಪಕ್ಕ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಗಂಡನ ಬುಟ್ಟಿಯಿಂದ ಒಂದು ಹೂವು ಅದಕ್ಕೆ. ಪಟ್ಟೆ ಮಾಸಿದೆ, ಮತ್ತೆ ಬಳಿದಿಲ್ಲ. “ಆಯಮ್ಮ ಈಗ ನಮ್ಮ ಖಾತೆ ಜಾಗದಾಗವಳೆ. ಯಾರ್ ಟೇಪ್ ತಂದ್ರೂ ಹೆದರಿಕೆ ಇಲ್ಲ.” ಆಸೆ ಏನಾದರೂ ಇದೆಯೇ ಎಂದರೆ ಕೈಬೆರಳು ಮಡಚುತ್ತಾರೆ. “ಇನ್ನಾರು ವಾಲು ಮಣ್ಣಾಗವೆ. ಈ ಕಿವಿ ಕೇಳ್ಸೋದು ನಿಲ್ಲೋದ್ರೊಳಗೆ ಅವ್ರನ್ನೂ ಒಂದೊಂದ್ಸಲ ಮಾತಾಡ್ಸ್ಬೇಕು.” ಮೊನ್ನೆ ಸೋಮವಾರ ಹದಿನಾಲ್ಕನೇ ಅರ್ಜಿಗೆ ಚೈತ್ರ ಸೀಲು ಹಾಕಿದ್ದಾರೆ.

ಈ ಮಂಗಳವಾರ ಬೆಳಿಗ್ಗೆ ಮೇಲ್ಬೀದಿಯ ಸರದಿ. ಓಬಳಮ್ಮ ಕೀಲಿ ಇಳಿಸುವಷ್ಟರಲ್ಲಿ ಒಂದು ಗುಂಪು ಬಂದು ನಿಲ್ಲುತ್ತದೆ. ಮುಂದೆ ತಟ್ಟೆ ಹಿಡಿದ ಇಂದ್ರಮ್ಮ; ವೀಳ್ಯದೆಲೆ, ತೆಂಗಿನಕಾಯಿ, ರವಿಕೆ ಕಣ. ಪಕ್ಕದಲ್ಲಿ, ಯಾರೂ ನೆನೆಸದಂತೆ, ರಂಗನಾಥ. ಅವರ ಕೈಯಲ್ಲಿ ಮಡಿಚಿದ ನಕ್ಷೆ.

“ಅಕ್ಕಾ, ಎಲ್ರೂ ಸೇರಿ ಮಾತಾಡ್ಕೊಂಡೀವಿ” ಎನ್ನುತ್ತಾರೆ ರಂಗನಾಥ. “ಗಂಗಮ್ಮನ್ನ ಎಬ್ಬಿಸಿದ್ ಪಾಪ ನಂಗ್ಯಾಕೆ? ಇಲ್ಲೇ, ಈ ವಾಲ್ ಪಕ್ಕದಾಗೆ, ಒಂದ್ ಪುಟ್ಟ ಗುಡಿ. ಕಲ್ಲು ನಂದು, ಗಾರೆ ನಂದು. ಪೂಜೆ ನಿಂದು.”

“ನೀನೇ ಪೂಜಾರಿ ಆಗ್ಬೇಕು ಕಣವ್ವಾ” ಎಂದು ಇಂದ್ರಮ್ಮ ತಟ್ಟೆ ಚಾಚುತ್ತಾರೆ. “ಆಯಮ್ಮನ ತಂದ್ಕೊಡು. ನೀರು ಕೊಟ್ಟೋಳ್ನ ಹಿತ್ತಲಾಗಿಡಾದಾ?”

“ಆಫೀಸ್ನಾಗೂ ಕೇಳ್ದೆ” ಎಂದು ರಂಗನಾಥ ದನಿ ತಗ್ಗಿಸುತ್ತಾರೆ. “ದೇವರ ಕೆಲಸ, ಇದ್ರ ಮ್ಯಾಲೆ ಯಾರ್ ಅರ್ಜಿ ಕೊಡ್ತಾರೆ ಅಂದ್ರು.”

“ನಾನ್ ಕೊಡ್ತೀನಿ” ಎನ್ನುತ್ತಾರೆ ಓಬಳಮ್ಮ.

ಹೆಂಗಸರು ನಗುತ್ತಾರೆ. ಓಬಳಮ್ಮನೂ ನಗುತ್ತಾರೆ. ತಟ್ಟೆಯಿಂದ ಒಂದು ಚಿಟಿಕೆ ಕುಂಕುಮ ತೆಗೆದು ಹಣೆಗಿಟ್ಟುಕೊಂಡು, ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತಾರೆ. ಅಡ್ಡಹಿಡಿಗೆ ಕಿವಿ ಆನಿಸುತ್ತಾರೆ.

“ಏನ್ ಮಹಾ ಕೇಳಿದ್ವೇ?” ಇಂದ್ರಮ್ಮ ಬಿಡುವುದಿಲ್ಲ. “ಮೂರಡಿ ಜಾಗ ಬುಟ್ಕೊಡು, ಸಾಕು.”

ಕಣ್ಣು ಮುಚ್ಚಿಕೊಂಡೇ, ನೀರಿನ ಸದ್ದು ಕೇಳುತ್ತಲೇ, ಓಬಳಮ್ಮ ಹೇಳುತ್ತಾರೆ:

“ಒಂದ್ ಗೇಣೂ ಕೊಡಲ್ಲ.”